ಎರಡು ಬೆರಳು ಎತ್ತರ

ವಲೇರಿಯನ್ ಕೊಂಡ ಸೆಕೆಂಡ್‌ಹ್ಯಾಂಡ್ ಕಾರಿನ ಹಿಂದಿನ ಒಡೆಯ ಶೋಕಿಯವನು. ಕಾರು ನೆಲಕ್ಕೆ ಅಂಟಿಕೊಂಡಂತೆ ಕಾಣಲೆಂದು ಕಾಯಿಲ್‌ಓವರ್ ಸಸ್ಪೆನ್ಶನ್ ಹಾಕಿಸಿದ್ದ. ಸ್ಪ್ರಿಂಗಿನ ಕೆಳಗಿನ ಬಳೆಯನ್ನು ತಿರುಗಿಸಿದರೆ ಕಾರು ಏಳುತ್ತದೆ, ಇಲ್ಲವೇ ಇಳಿಯುತ್ತದೆ. ದೋಹಾದ ನುಣುಪು ರಸ್ತೆಯಲ್ಲಿ ಇಳಿದಿದ್ದರೂ ತೊಂದರೆಯಿರಲಿಲ್ಲ. ತೊಂದರೆ ಬಂದದ್ದು ಚಳಿಗಾಲದಲ್ಲಿ, ಹೆಂಡತಿಯ ಅಣ್ಣನಿಂದ.

ಈ ಭಾವ ಪ್ರತಿ ಚಳಿಗಾಲ ಮರುಭೂಮಿಯಲ್ಲಿ ಡೇರೆ ಹಾಕಿ ನೆಂಟರನ್ನೆಲ್ಲ ಕರೆಯುತ್ತಾನೆ. ಕಳೆದ ಸಲ ಕ್ಯಾಂಪಿನ ಹತ್ತಿರದ ದಿಬ್ಬದ ಮೇಲೆ ವಲೇರಿಯನ್ನನ ಕಾರು ಹೊಟ್ಟೆ ಊರಿ ಕೂತಿತ್ತು. ಭಾವ ತನ್ನ ಜೀಪಿಗೆ ಹಗ್ಗ ಕಟ್ಟಿ ಎಳೆದ. ಎಳೆದದ್ದನ್ನು ಮರೆಯಬಹುದಿತ್ತು. ಆದರೆ ಆ ಕತೆಯನ್ನು ಅವನು ವರ್ಷವಿಡೀ ಒಂದು ಮದುವೆಯನ್ನೂ ಬಿಡದೆ ಹೇಳಿದ. ಈ ಸಲ ಹೆಂಡತಿ ಮಕ್ಕಳು ಹಿಂದಿನ ದಿನವೇ ಭಾವನ ಜೀಪಿನಲ್ಲಿ ಹೋಗಿದ್ದರು. "ನಾನು ನನ್ನ ಕಾರಲ್ಲೇ ಬರ್ತೇನೆ" ಎಂದಿದ್ದ ವಲೇರಿಯನ್. ಹೆಂಡತಿ ಕಾರಿನ ಹೊಟ್ಟೆಯತ್ತ ಒಮ್ಮೆ ನೋಡಿ ಜೀಪು ಹತ್ತಿದಳು. ಅದೇ ಅವನನ್ನು ಚುಚ್ಚಿದ್ದು.

ಶುಕ್ರವಾರ ಬೆಳಿಗ್ಗೆ ಬಿನ್ ಒಮ್ರಾನ್ ಬಡಾವಣೆಯ ತನ್ನ ಕಟ್ಟಡದ ನೆಲಮಾಳಿಗೆಯಲ್ಲಿ ಡೇರೆಯ ಕಟ್ಟನ್ನು ಕಾರಿನ ತಲೆಗೆ ಬಿಗಿದು, ಸ್ಪ್ಯಾನರ್ ಹಿಡಿದು ಕೂತ.

"ಎಂತ ವಲೇರಿ, ಒಬ್ಬನೇ? ನಮ್ಮನ್ನು ಕರೆಯಬಾರದಾ ಮಾರಾಯ?" ಮೇಲಿನ ಮನೆಯ ಮುಝಮ್ಮಿಲ್ ಅಂಗಿಯ ತೋಳು ಮಡಚಿಯೇ ಬಂದಿದ್ದ.

ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಶಿವಪುತ್ರ ಆಗಲೇ ಕಾರಿನಡಿ ಇಣುಕಲು ನೆಲಕ್ಕೆ ಒರಗಿದ್ದ. "ಎತ್ತೂದಾದ್ರ ಪೂರ್ತಿ ಎತ್ರಿ. ಅರ್ಧಮರ್ಧ ಕೆಲಸ ನಮ್ಮ ಪ್ಲಾಂಟಿನ್ಯಾಗ ನಡಿಯಂಗಿಲ್ಲ."

ಮುಝಮ್ಮಿಲ್ ಕಾರಿನ ಎಡಗಡೆಯನ್ನು ಎತ್ತಿದ. ಶಿವಪುತ್ರ ಬಳೆಯನ್ನು ಉಲ್ಟಾ ತಿರುಗಿಸಿ ಬಲಗಡೆಯನ್ನು ಅಷ್ಟೇ ಶ್ರದ್ಧೆಯಿಂದ ಇಳಿಸಿದ. ಜ್ಯಾಕ್ ತೆಗೆದಾಗ ಕಾರು ಕುಂಟು ಎಮ್ಮೆಯಂತೆ ವಾಲಿತು. ಮತ್ತೆ ಮೊದಲಿನಿಂದ ಶುರು. ಮಧ್ಯಾಹ್ನದ ಜುಮಾ ನಮಾಜು ಮುಗಿಸಿ ಬರುವಾಗ ಮುಝಮ್ಮಿಲ್ ಸಹಾಯಕ್ಕೆಂದು ಭಾರೀ ಮೈಕಟ್ಟಿನ ಗೆಳೆಯ ಶಿಹಾಬನನ್ನೂ ಕರೆತಂದ. ಅಂತೂ ಕಾರು ಎರಡು ಬೆರಳು ಎದ್ದು ನಿಂತಿತು. ವಲೇರಿಯನ್ನನಿಗೆ ಕಣ್ಣು ತುಂಬಿ ಬಂತು.

ಹೊರಗೆ ಹೋಗುವ ದಾರಿಯ ತೊಲೆಗೆ ಡೇರೆಯ ಕಟ್ಟು ತಾಗಿತು. ಕಾರು ಎದ್ದಷ್ಟು ತೊಲೆ ಎದ್ದಿರಲಿಲ್ಲ.

"ಕಟ್ಟು ಬಿಚ್ಚುವ" ಎಂದ ವಲೇರಿಯನ್.

"ಬಿಚ್ಚೂದ್ಯಾಕ್ರೀ? ನಾವು ಒಳಗ ಕುಂತ್ರ ಗಾಡಿ ತಾನೇ ಇಳೀತೈತಿ" ಎಂದ ಶಿವಪುತ್ರ.

ಮೂವರೂ ಕೂತರು. ಕಾರು ವಿಧೇಯವಾಗಿ ತಗ್ಗಿ, ತೊಲೆಯಡಿ ನುಸುಳಿ ಬಿಸಿಲಿಗೆ ಬಂತು. ವಲೇರಿಯನ್ ನಿಲ್ಲಿಸಿ ಕಾದ. ಯಾರೂ ಇಳಿಯಲಿಲ್ಲ.

"ಹೇಗೂ ಕೂತಾಯ್ತಲ್ಲ" ಎಂದು ಮುಝಮ್ಮಿಲ್ ಸೀಟ್ ಬೆಲ್ಟ್ ಹಾಕಿಕೊಂಡ. "ನಿನ್ನ ಭಾವನಿಗೆ ನಾವೇನು ಹೊರಗಿನವರಾ? ಯಲ್ಲಾ, ಹೊರಡುವ."

ಬೆಳಗಿನಿಂದ ಕೈ ಮಸಿ ಮಾಡಿಕೊಂಡವರಿಗೆ ಇಳಿಯಿರಿ ಎನ್ನಲಾಗದೆ ವಲೇರಿಯನ್ ಗೇರ್ ಹಾಕಿದ. ಬರಿಗೈಲಿ ಹೋಗುವುದು ಚೆಂದವಲ್ಲವೆಂದು ದಾರಿಯಲ್ಲಿ ಒಂದು ಹಂಡೆ ಬಿರಿಯಾನಿಯೂ ಡಿಕ್ಕಿ ಸೇರಿತು.

ಸಂಜೆ ಅದೇ ದಿಬ್ಬದ ಮೇಲೆ, ಅದೇ ಜಾಗದಲ್ಲಿ, ಕಾರು ಹೊಟ್ಟೆ ಊರಿತು.

"ಒಂದು ಸಲ ಇಳಿಯಿರಿ" ಎಂದು ವಲೇರಿಯನ್ ಬೇಡಿಕೊಂಡ.

"ಆತುರ ಬೇಡ" ಎಂದ ಶಿಹಾಬ್. "ನಿಮ್ಮ ಭಾವ ನೋಡಿಯಾಯ್ತು. ಬರ್ತಾ ಇದ್ದಾರೆ."

ಭಾವ ಬಂದ. ಜೀಪಿನಿಂದ ಕಾರಿಗೆ ಹಗ್ಗ ಬಿಗಿದ. ಆಮೇಲೆ ಮೂವರೂ ಅವನ ಕೈಕುಲುಕಲು ಇಳಿದರು. ಕಾರು ಮೆಲ್ಲನೆ ಎರಡು ಬೆರಳು ಎದ್ದು, ದಿಬ್ಬವನ್ನು ಬಿಟ್ಟು ನಿಂತಿತು. ಅದು ಗೊತ್ತಾದದ್ದು ಒಳಗಿದ್ದ ವಲೇರಿಯನ್ನನಿಗೆ ಮಾತ್ರ.

"ಭಾವ, ಬೇಡ. ಕಾರು ತಾನೇ ಎದ್ದಿದೆ."

"ಆಯ್ತು, ಆಯ್ತು" ಎಂದು ಭಾವ ಜೀಪು ಹತ್ತಿದ. "ನೀನು ಸ್ಟಿಯರಿಂಗ್ ನೇರ ಹಿಡಿ. ಹೋದ ಸಲದ ಹಾಗೆ."