ಎಂಟು ರೂಮು, ಐದು ಬಗೆಯ ವೀಸಾ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರಕ್ಕೊಂದು ತಪ್ಪದೆ ಆಗುತ್ತದೆ. ಜೆ.ಪಿ. ನಗರದಲ್ಲಿ ಎಂಟು ರೂಮಿನ ಒಂದು ಗೆಸ್ಟ್‌ಹೌಸಿಗೆ ನಾನು ಮ್ಯಾನೇಜರ್. ಬನ್ನೇರುಘಟ್ಟ ರಸ್ತೆಯ ಕಡೆ ಆಸ್ಪತ್ರೆಗೆ ಬರುವ ವಿದೇಶದವರು ಹೆಚ್ಚಾಗಿ ನಮ್ಮಲ್ಲೇ ಇಳಿದುಕೊಳ್ಳುತ್ತಾರೆ. ಫಜೀತಿಗೆ ಅದು ಅರ್ಧ ಕಾರಣ. ಇನ್ನರ್ಧ ನಮ್ಮ ಓನರ್ ಅಮ್ಮ.

ವಿದೇಶದವರು ಬಂದು ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ಪಾಸ್‌ಪೋರ್ಟ್ ನಂಬರು, ವೀಸಾ ಯಾವ ಬಗೆಯದು, ಯಾಕೆ ಬಂದರು, ಯಾವತ್ತು ಹೋಗುತ್ತಾರೆ, ಎಲ್ಲವನ್ನೂ ಆನ್‌ಲೈನ್ ಫಾರಂನಲ್ಲಿ ತುಂಬಿ ಕಳಿಸಬೇಕು. ಒಂದು ಸಲ ಎರಡು ದಿನ ತಡ ಮಾಡಿದ್ದೆ. ವಿದೇಶದವರ ನೋಂದಣಿ ಆಫೀಸಿನಿಂದ ಫೋನ್ ಬಂತು. ಇನ್ನೊಂದು ತಪ್ಪಾದರೆ ನಿಮ್ಮಲ್ಲಿ ವಿದೇಶದವರನ್ನು ಇಡುವ ಹಾಗಿಲ್ಲ ಎಂದರು. ವಿದೇಶದವರಿಲ್ಲದಿದ್ದರೆ ಗೆಸ್ಟ್‌ಹೌಸ್ ನಡೆಯುವುದಿಲ್ಲ, ಗೆಸ್ಟ್‌ಹೌಸ್ ನಡೆಯದಿದ್ದರೆ ನಾನು ಉತ್ತರಹಳ್ಳಿಯ ಮನೆಯಲ್ಲಿ ದಿನವಿಡೀ ಹೆಂಡತಿಯ ಎದುರು ಕೂತಿರಬೇಕು. ಅವತ್ತಿನಿಂದ ನಾನು ಕಾಲು ಸುಟ್ಟ ಬೆಕ್ಕು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುವುದಿಲ್ಲ.

ಕೇಳಬಾರದ ಪ್ರಶ್ನೆ

ಓನರ್ ಅಮ್ಮನಿಗೆ ಎಪ್ಪತ್ತು ದಾಟಿದೆ. ಮೇಲಿನ ಮಹಡಿಯಲ್ಲಿ ವಾಸ, ದಿನಕ್ಕೆ ಹತ್ತು ಸಲ ಕೆಳಗೆ ಇಳಿಯುತ್ತಾರೆ. ಒಮ್ಮೆ ಬಿಸಿನೆಸ್ ವೀಸಾದ ಮೇಲೆ ಒಬ್ಬರು ಬಂದರು, ಯಂತ್ರದ ಬಿಡಿಭಾಗ ಮಾರುವವರು. ಯಾವತ್ತು ಹೋಗುತ್ತೀರಿ ಎಂದು ನಾನು ಕೇಳಿದ್ದು ಅಮ್ಮನ ಕಿವಿಗೆ ಬಿತ್ತು.

"ಮನೆಗೆ ಬಂದವರನ್ನ ಯಾವಾಗ ಹೋಗ್ತೀರಾ ಅಂತ ಕೇಳ್ತಾರೇನಪ್ಪಾ?"

ನಾನಲ್ಲ ಅಮ್ಮ, ಫಾರಂ ಕೇಳುತ್ತಿದೆ ಎಂದೆ. ಫಾರಂಗೆ ಬುದ್ಧಿಯಿಲ್ಲ, ನಿನಗೂ ಇಲ್ವಾ ಎಂದರು. ಬಂದವರ ಕಡೆ ತಿರುಗಿ, ಇನ್ನೆರಡು ದಿನ ಇದ್ದು ಹೋಗಿ, ಹಬ್ಬ ಇದೆ ಎಂದು ಕೈಸನ್ನೆ ಮಾಡಿದರು. ಅವರು ಮರ್ಯಾದಸ್ಥರು, ಒಪ್ಪಿಕೊಂಡರು. ಹಬ್ಬ ಮುಗಿದ ಮೇಲೆ ಅಮ್ಮ ಇನ್ನೆರಡು ದಿನ ಎಂದರು. ಅದಕ್ಕೂ ಒಪ್ಪಿದರು. ನಾನು ಹೋಗುವ ತಾರೀಖನ್ನು ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಒಂದು ಬೆಳಿಗ್ಗೆ ಅವರೇ ನನ್ನ ಮೇಜಿನ ಹತ್ತಿರ ಬಂದು, ಮೆಟ್ಟಿಲ ಕಡೆ ಒಮ್ಮೆ ನೋಡಿ, ತಾನು ಊರಿಗೆ ಹೋಗಲು ಯಾರಿಗೆ ಅರ್ಜಿ ಕೊಡಬೇಕು ಎಂದು ಪಿಸುಮಾತಿನಲ್ಲಿ ಕೇಳಿದರು.

ಹದಿನಾಲ್ಕು ತೆಂಗಿನಕಾಯಿ

ಟೂರಿಸ್ಟ್ ವೀಸಾದವರು ಊರು ನೋಡಬಹುದು, ನಾಲ್ಕು ದಿನ ಯೋಗ ಕಲಿಯಬಹುದು. ದುಡಿಯುವ ಹಾಗಿಲ್ಲ. ಯೋಗ ಕಲಿಯಲು ಬಂದ ಒಬ್ಬ ಹುಡುಗಿಯ ಕೈ ನಡುಗದೆ ನಿಲ್ಲುವುದನ್ನು ನೋಡಿ ಅಮ್ಮ ಅವಳಿಗೆ ರಂಗೋಲಿ ಕಲಿಸಿದರು. ಮೊದಲು ನಮ್ಮ ಗೇಟು, ಆಮೇಲೆ ಪಕ್ಕದ ಮನೆ. ಎರಡನೇ ವಾರಕ್ಕೆ ರಸ್ತೆಯ ಅರ್ಧ ಭಾಗ ಅವಳ ಕೈಯಲ್ಲಿತ್ತು. ಪ್ರತಿ ಮನೆಯವರೂ ಅರಿಶಿನ ಕುಂಕುಮದ ಜೊತೆ ರವಿಕೆ ಬಟ್ಟೆ, ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದರು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಾ ಹೋಗುತ್ತಾಳೆ, ಕೆಲಸ ಮಾಡುತ್ತಾಳೆ, ಪ್ರತಿಫಲ ತರುತ್ತಾಳೆ. ಇದನ್ನು ಉದ್ಯೋಗ ಅನ್ನದೆ ಇನ್ನೇನು ಅನ್ನುತ್ತಾರೆ? ಅಮ್ಮನಿಗೆ ಹೇಳಿದೆ.

"ರಂಗೋಲಿ ಕೆಲಸ ಅಂತ ಯಾರಂದ್ರು? ಕೆಲಸ ಆಗಿದ್ರೆ ನಮ್ಮ ಮನೆ ಗಂಡಸರು ಅದನ್ನ ಇಷ್ಟೊತ್ತಿಗೆ ಹೊಗಳ್ತಿದ್ರು" ಎಂದರು.

ಹೊರಡುವ ದಿನ ಹುಡುಗಿಯ ಬ್ಯಾಗಿನ ಭಾರ ಹೆಚ್ಚಾಯಿತು. ಹದಿನಾಲ್ಕು ತೆಂಗಿನಕಾಯಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಕೈಮುಗಿದು ಹೋದಳು. ನಮ್ಮ ಮನೆಯಲ್ಲಿ ಮೂರು ವಾರ ಕಾಯಿ ಚಟ್ನಿ. ಸಾಕ್ಷ್ಯ ನಾಶಕ್ಕೆ ಎಷ್ಟು ವರ್ಷವೋ ಎಂದುಕೊಂಡೇ ಪ್ರತಿ ದೋಸೆ ನುಂಗಿದೆ.

ಮತ್ತೆ ಬರಲಾರದವರು

ಕಾನ್ಫರೆನ್ಸ್ ವೀಸಾದಲ್ಲಿ ಒಬ್ಬ ಪ್ರೊಫೆಸರ್ ಬಂದಿದ್ದರು. ಸಿಂಗಲ್ ಎಂಟ್ರಿ, ಅಂದರೆ ಒಮ್ಮೆ ದೇಶ ಬಿಟ್ಟರೆ ಅದೇ ವೀಸಾದಲ್ಲಿ ಮತ್ತೆ ಒಳಗೆ ಬರುವಂತಿಲ್ಲ. ಅವರು ಹೊರಟಾಗ ಅಮ್ಮ ಎಲ್ಲರಿಗೂ ಹೇಳುವಂತೆ "ಹೋಗಿ ಬನ್ನಿ" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪ್ರೊಫೆಸರ್ ಗಂಭೀರವಾಗಿ ಚೀಲ ಕೆಳಗಿಟ್ಟು, ಪಾಸ್‌ಪೋರ್ಟ್ ತೆಗೆದು, ವೀಸಾದ ಪುಟದ ಮೇಲೆ ಬೆರಳಿಟ್ಟು, ಕ್ಷಮಿಸಿ, ನಾನು ಬರುವಂತಿಲ್ಲ ಎಂದರು. ಅದನ್ನೂ ನಾನು ಅನುವಾದಿಸಿದೆ. ಅದೇ ನಾನು ಮಾಡಿದ ತಪ್ಪು.

"ಬರಲ್ವಂತಾ? ನಮ್ಮನೇಲಿ ಏನು ಕಮ್ಮಿಯಾಯ್ತಂತೆ?"

ಸರ್ಕಾರದ ನಿಯಮ ಅಮ್ಮ ಎಂದೆ. ನನ್ನ ಮನೆಗೆ ಬರಬೇಡ ಅನ್ನೋಕೆ ಸರ್ಕಾರ ಯಾರು ಎಂದು ಕೇಳಿದರು. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ, ವಿಮಾನಕ್ಕೆ ಹೊತ್ತಾಗುತ್ತಿತ್ತು, ನಾನು ಗೇಟಿಗೂ ಬಾಗಿಲಿಗೂ ಓಡಾಡುತ್ತಿದ್ದೆ. ಕೊನೆಗೆ ಪ್ರೊಫೆಸರ್ ಬರುತ್ತೇನೆ ಎಂದು ಸುಳ್ಳು ಹೇಳಿ ಟ್ಯಾಕ್ಸಿ ಹತ್ತಿದರು.

ಪೇಷಂಟು ಯಾರು?

ಆಮೇಲೆ ಬಂದವರು ಒಬ್ಬ ಹಿರಿಯರು ಮತ್ತು ಅವರ ಹೆಂಡತಿ. ಗಂಡನಿಗೆ ಮಂಡಿ ಆಪರೇಷನ್, ಮೆಡಿಕಲ್ ವೀಸಾ. ನೋಡಿಕೊಳ್ಳಲು ಬಂದ ಹೆಂಡತಿಗೆ ಅಟೆಂಡೆಂಟ್ ವೀಸಾ. ಅಮ್ಮ ಕಳಿಸಿದ ಆರು ಹೋಳಿಗೆಯನ್ನು ಬೇಡ ಎನ್ನಲಾಗದೆ ತಿಂದು, ಹೊಟ್ಟೆ ಕೆಟ್ಟು ಆಕೆ ಮಲಗಿಬಿಟ್ಟರು. ಆಪರೇಷನ್ ಆದ ಗಂಡ ವಾಕರ್ ಹಿಡಿದು ಕುಂಟುತ್ತಾ ಅವರಿಗೆ ಗಂಜಿ ಒಯ್ಯುತ್ತಿದ್ದರು. ಫಾರಂನಲ್ಲಿ ಹೀಗಾದರೆ ಏನು ಬರೆಯಬೇಕೋ ಎಂದು ನಾನು ತಲೆ ಕೆರೆದುಕೊಂಡೆ.

"ಮದುವೆ ಆದ್ಮೇಲೆ ಪೇಷಂಟ್ ಯಾರು, ಅಟೆಂಡೆಂಟ್ ಯಾರು ಅಂತ ಖಾಯಂ ಇರತ್ತೇನಪ್ಪಾ?" ಎಂದರು ಅಮ್ಮ. ನನ್ನ ಹೆಂಡತಿಗೆ ಈ ಮಾತು ಹೇಳಿದೆ. ಇವತ್ತು ನೀವು ಅಟೆಂಡೆಂಟು ಎಂದು ಪಾತ್ರೆ ತೋರಿಸಿದಳು.

ನಾಮಕರಣ

ಅದೇ ವಾರ ಅಮ್ಮನ ಮೊಮ್ಮಗಳ ನಾಮಕರಣ, ಕೆಳಗಿನ ಹಾಲ್‌ನಲ್ಲೇ. ಹಿರಿಯರಿಗೆ ಪಂಚೆ ಉಡಿಸಿ, ಶಲ್ಯ ಹೊದಿಸಿ, ಚೇತರಿಸಿಕೊಂಡಿದ್ದ ಅವರ ಹೆಂಡತಿಗೆ ಸೀರೆ ಉಡಿಸಿ ಮೊದಲ ಸಾಲಿನಲ್ಲಿ ಕೂರಿಸಿದ್ದರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಒಬ್ಬರು ಫೈಲ್ ಹಿಡಿದು ನಿಂತರು. ತಪಾಸಣೆಗೆ ಬಂದ ಅಧಿಕಾರಿ. ನಾನು ಗೇಟಿಗೆ ಓಡಿದೆ.

ಹುಬ್ಬಳ್ಳಿ ಕಡೆಯವರು, ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ ಎಂದು ಮಾತಿನಲ್ಲಿ ಗೊತ್ತಾಯಿತು. ಪಂಚೆ ಉಟ್ಟ ಹಿರಿಯರನ್ನು ನೋಡಿ, ಇವರು ಯಾಕೆ ಬಂದಾರ್ರಿ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಉತ್ತರ ಕೊಟ್ಟರು.

"ನಾಮಕರಣಕ್ಕೆ."

ಶುಭಕಾರ್ಯದ ಮನೆಯಲ್ಲಿ ಆಸ್ಪತ್ರೆಯ ಸುದ್ದಿ ಎತ್ತಬಾರದಂತೆ. ಅಧಿಕಾರಿ ಫೈಲ್ ತೆರೆದರು. "ಇಲ್ಲಿ ಮೆಡಿಕಲ್ ಅಂತ ಬರದೀರಿ?" ನಾನು ಅಮ್ಮನಿಗೆ ಕಣ್ಣುಸನ್ನೆ ಮಾಡಿದೆ. ಅವರು ನನಗೇ ಕಣ್ಣು ಬಿಟ್ಟರು, ಮತ್ತೆ ನಾಮಕರಣಕ್ಕೇ ಎಂದರು. ಸುಳ್ಳು ಫಾರಂ, ಗೆಸ್ಟ್‌ಹೌಸಿಗೆ ಬೀಗ, ಹೆಂಡತಿಯ ಎದುರು ದಿನವಿಡೀ ನಾನು. ಎಲ್ಲವೂ ಕಣ್ಮುಂದೆ ಬಂತು.

ಏನೋ ಎಡವಟ್ಟಾಗಿದೆ ಎಂದು ಹಿರಿಯರಿಗೂ ಗೊತ್ತಾಯಿತು. ಅಧಿಕಾರಿ ಅವರನ್ನೇ ಇಂಗ್ಲಿಷಿನಲ್ಲಿ ಕೇಳಿದರು, ನಿಜವಾಗಿ ಆಪರೇಷನ್ ಆಗಿದೆಯಾ ಎಂದು. ಹಿರಿಯರು ವಾಕರ್ ಹಿಡಿದು ಎದ್ದು ನಿಂತು, ಪುರೋಹಿತರ, ನೆಂಟರ, ತೊಟ್ಟಿಲಿನ ಮಗುವಿನ ಎದುರು ಪಂಚೆಯನ್ನು ಮಂಡಿಗಿಂತ ಒಂದು ಗೇಣು ಮೇಲಕ್ಕೆ ಎತ್ತಿ ಹೊಲಿಗೆ ತೋರಿಸಿದರು. ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿತು. ಮೂವರು ಹೆಂಗಸರು ಸೀರೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು, ಒಬ್ಬರು ಮುಚ್ಚಿಕೊಳ್ಳಲಿಲ್ಲ.

ಅಧಿಕಾರಿ ತುಟಿ ಕಚ್ಚಿಕೊಂಡು ಸಾಕ್ರಿ, ಸಾಕ್ರಿ ಎಂದರು. ಫಾರಂ ಸರಿ ಇದೆ ಎಂದು ಬರೆದು ಸಹಿ ಹಾಕಿದರು. ನಾನು ಅವತ್ತು ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕುರ್ಚಿಯಲ್ಲಿ ಪೂರ್ತಿ ಕೂತೆ. ಆದರೆ ಹೊರಡುವ ಮುನ್ನ ಅಧಿಕಾರಿ, ಇವರು ಯಾವಾಗ ಹೋಗ್ತಾರ್ರಿ ಎಂದು ಕೇಳಿಬಿಟ್ಟರು. ಬಂದವರನ್ನು ಹಾಗೆ ಕೇಳುವುದೇ ಎಂದು ಅಮ್ಮ ಅವರನ್ನೂ ಬೈದು, ಎಲೆ ಮುಂದೆ ಕೂರಿಸಿ, ಹೋಳಿಗೆ ಬಡಿಸಿದರು. ಅವರು ಸಾಕು ಅಂದಷ್ಟೂ ಅಮ್ಮ ಬಡಿಸಿದರು. ಕೊನೆಗೆ ಗೇಟಿನವರೆಗೆ ಬಂದು, ಹೋಗಿ ಬನ್ನಿ, ಇನ್ನೊಂದು ಸಲ ಮನೆಯವರನ್ನೂ ಕರ್ಕೊಂಡು ಬನ್ನಿ ಎಂದರು.

ಅಧಿಕಾರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿದರು, ಆಮೇಲೆ ಅಮ್ಮನಿಗೆ ಕೈಮುಗಿದರು.

"ಆಗಂಗಿಲ್ರಿ ಅಮ್ಮಾರ. ನಂದು ಸಿಂಗಲ್ ಎಂಟ್ರಿ ಐತಿ."