ಹಿತ್ತಲು ಚೊಕ್ಕಟ ಮಾಡಿದ ಭಾನುವಾರ

ಹಿತ್ತಲು ಚೊಕ್ಕಟ ಮಾಡುವುದೂ ಒಂದು ಕೆಲಸವೇ? ಒಂದು ಗುದ್ದಲಿ, ಒಂದು ಕುಡುಗೋಲು, ಒಂದು ಭಾನುವಾರ ಇದ್ದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ನಾಲ್ಕನೆಯದಾಗಿ ಸ್ವಲ್ಪ ಬುದ್ಧಿಯೂ ಬೇಕಾಗುತ್ತದೆ ಎಂಬುದು ಹೊಳೆಯಲಿಲ್ಲ. ಹೊಳೆಯಬೇಕಾದರೂ ಅದೇ ಬೇಕಲ್ಲ!

ನಾನಾಗ ಶಿಡ್ಲಘಟ್ಟದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಅರವತ್ತನೇ ಇಸವಿಯ ಆಸುಪಾಸಿನ ಮಾತು. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಕಾಲದಲ್ಲಿ ಊರಂಚಿನ ಬಾಡಿಗೆ ಮನೆಗೂ ಹಿತ್ತಲು ಅಂತ ಒಂದಿರುತ್ತಿತ್ತು. ನಮ್ಮದರಲ್ಲಿ ಬಚ್ಚಲ ನೀರಿಗೆ ನಾಲ್ಕು ಬದನೆ ಗಿಡ, ಒಂದು ಸಾಲು ಮೆಣಸಿನ ಗಿಡ, ಬೇಲಿಗೆ ಅವರೆ, ಚಪ್ಪರಕ್ಕೆ ಹೀರೆ. ಸಂಜೆ ಸ್ಕೂಲಿನಿಂದ ಬಂದು ಆ ಚಪ್ಪರದ ಕೆಳಗೆ ಕಾಲು ಚಾಚಿ ಕೂತರೆ ನನಗೂ ಒಬ್ಬ ಸಾಹುಕಾರನಿಗೂ ವ್ಯತ್ಯಾಸವೇ ಇರುತ್ತಿರಲಿಲ್ಲ.

ಹೀರೆ ಮಾತ್ರ ಸಾಮಾನ್ಯದ್ದಲ್ಲ. ನನ್ನ ಹೆಂಡತಿ ಜಯಮ್ಮ ಚಿಕ್ಕಬಳ್ಳಾಪುರದ ಹತ್ತಿರದ ಕಳವಾರದವಳು. ಗಂಡನ ಮನೆಗೆ ಬರುವಾಗ ಪಾತ್ರೆ ಪಗಡದ ಜತೆಗೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೀರೆ ಬೀಜ ತಂದಿದ್ದಳು. ಅವರಜ್ಜಿಯ ಕಾಲದಿಂದ ಬಂದ ಬೀಜ. ಮೊಳಕ್ಕಿಂತ ಉದ್ದದ ಕಾಯಿ. ಅದರ ಸಿಪ್ಪೆಯ ಚಟ್ನಿ ಇದ್ದರೆ ಒಂದು ಮುದ್ದೆ ಜಾಸ್ತಿ ಇಳಿಯುತ್ತಿತ್ತು.

ಆ ವರ್ಷ ಕಳವಾರದಲ್ಲಿ ಮಳೆ ಹೆಚ್ಚಾಗಿ ನಮ್ಮತ್ತೆಯ ಹೀರೆ ಬಳ್ಳಿಗಳೆಲ್ಲ ಕೊಳೆತುಹೋಗಿದ್ದವು. ಬೀಜಕ್ಕೆ ಅಂತ ಒಂದು ಕಾಯಿಯೂ ಉಳಿಯಲಿಲ್ಲ. 'ನಿನ್ನ ಹತ್ರ ಬೀಜ ಇದ್ರೆ ಕೊಡಮ್ಮಾ' ಎಂದು ಅವರು ಹೇಳಿ ಕಳಿಸಿದರು. ಜಯಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

"ನೋಡಿ, ನಮ್ಮಮ್ಮ ನನ್ನ ಹತ್ರ ಒಂದು ವಸ್ತು ಕೇಳಿರೋದು ಇದೇ ಮೊದ್ಲು. ಇಷ್ಟು ದಿನ ತವರಿಂದ ತಂದಿದ್ದೇ ತಂದಿದ್ದು. ಈಗ ನಾನು ಕೊಡೋಳು!"

"ಬೀಜ ಇಟ್ಟಿದೀಯೇನೇ?"

"ಇಲ್ದೆ ಏನು? ಜೋಪಾನವಾಗಿ ಇಟ್ಟಿದೀನಿ."

ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಸಂಕ್ರಾಂತಿ ಕಳೆದು ಅವರೆಯೂ ಮುಗಿಯಿತು. ಹಿತ್ತಲೆಲ್ಲ ಒಣಗಿ ರವರವ ಅನ್ನುತ್ತಿತ್ತು. ಒಂದು ಶನಿವಾರ ಜಯಮ್ಮ ತಾಯಿಯನ್ನು ಕರೆತರಲು ಪುಟ್ಟ ರೈಲಿನಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹೊರಟಳು. ಸೋಮವಾರ ಬೆಳಗ್ಗೆ ಇಬ್ಬರೂ ಬರುವುದು, ಅತ್ತೆ ಎರಡು ದಿನ ಇದ್ದು ಬೀಜ ತೆಗೆದುಕೊಂಡು ಹೋಗುವುದು ಎಂದು ಏರ್ಪಾಡು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಏನೂಂದ್ರೆ, ಹಿತ್ತಲ ತಂಟೆಗೆ ಮಾತ್ರ ಹೋಗ್ಬೇಡಿ. ನಾನು ಬಂದು ಅಮ್ಮನ ಜತೆ ಮಾಡ್ಕೋತೀನಿ."

"ನಾನು ರೈತನ ಮಗ ಕಣೇ!" ಎಂದೆ.

"ಅದಕ್ಕೇ ಹೇಳಿದ್ದು" ಎಂದಳು. ಅದರ ಅರ್ಥ ನನಗೆ ಇವತ್ತಿಗೂ ಸರಿಯಾಗಿ ಆಗಿಲ್ಲ.

ರೈತನ ಮಗ ಹೌದು. ಆದರೆ ಗೌರಿಬಿದನೂರಿನ ಕಡೆಯ ನಮ್ಮ ಮನೆಯಲ್ಲಿ ಹೊಲದ ಬೀಜ ಗಂಡಸರದು, ಹಿತ್ತಲ ಬೀಜ ಹೆಂಗಸರದು. ಹಿತ್ತಲ ಬೀಜ ಎಲ್ಲಿರುತ್ತದೆ, ಹೇಗಿರುತ್ತದೆ ಎಂದು ನಾನು ತಲೆಯೆತ್ತಿಯೂ ನೋಡಿದವನಲ್ಲ. ಚಟ್ನಿಯಾಗಿ ತಟ್ಟೆಗೆ ಬಂದ ಮೇಲೆ ಮಾತ್ರ ನನ್ನ ಕೃಷಿ ಶುರುವಾಗುತ್ತಿತ್ತು.

ಭಾನುವಾರ ಬೆಳಗ್ಗೆ ಪಂಚೆ ಎತ್ತಿ ಕಟ್ಟಿದೆ. ಅತ್ತೆ ಬಂದು ಹಿತ್ತಲ ಬಾಗಿಲು ತೆರೆದ ಕೂಡಲೇ 'ಅಬ್ಬಾ, ನನ್ನ ಅಳಿಯ!' ಅನ್ನಬೇಕು. ಅದು ನನ್ನ ಸಂಕಲ್ಪ.

ಮೊದಲು ಕೊನೆಯ ಕೊಯ್ಲು. ಒಂದು ಕುಕ್ಕೆ ತುಂಬ ಬದನೆಕಾಯಿ ಸಿಕ್ಕಿತು. ಒಂದೊಂದಕ್ಕೂ ಎರಡೆರಡು ತೂತು. ಬಾಡಿಗೆ ಕೊಡದೆ ವಾಸವಾಗಿದ್ದವರು ಒಳಗಿನಿಂದ ತಲೆ ಹಾಕಿ ನನ್ನನ್ನು ನೋಡಿದರು! ಆಮೇಲೆ ಗಿಡ ಕೀಳುವ ಕೆಲಸ. ಒಣಗಿದ್ದನ್ನು ಕಿತ್ತೆ. ಒಣಗುವ ಹಾಗೆ ಕಂಡಿದ್ದನ್ನೂ ಕಿತ್ತೆ. ಕೈಗೆ ಹುರುಪು ಬಂದ ಮೇಲೆ ಹಸಿರಾಗಿದ್ದ ಮೂರು ಮೆಣಸಿನ ಗಿಡಗಳನ್ನೂ ಕಿತ್ತೆ. ಕಿತ್ತ ಮೇಲೆ ನೋಡಿದರೆ ಅವುಗಳಲ್ಲಿ ಹೂವಿತ್ತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಗುಂಡಿಯಲ್ಲಿ ನಿಲ್ಲಿಸಿ ಮಣ್ಣು ಒತ್ತಿದೆ. ಅವು ಮಧ್ಯಾಹ್ನಕ್ಕೆಲ್ಲ ತಲೆ ಬಗ್ಗಿಸಿದವು.

ಮುಂದಿನದು ಹೀರೆ ಚಪ್ಪರ. ಬಳ್ಳಿಯನ್ನು ಮೇಲಿಂದ ಬಿಡಿಸಿಕೊಂಡು ಬರುವುದು ಕ್ರಮ. ಆದರೆ ಬುಡದಲ್ಲಿ ಹಿಡಿದು ಒಂದೇ ಸಲ ಎಳೆದರೆ ಎಷ್ಟು ಹೊತ್ತು ಉಳಿಯುತ್ತದೆ! ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಬಂತು. ಬಳ್ಳಿಯ ಜತೆ ಬೊಂಬು, ಬೊಂಬಿನ ಜತೆ ಕಡ್ಡಿ, ಕಡ್ಡಿಯ ಜತೆ ಎರಡು ವರ್ಷದ ಧೂಳು, ಎಲ್ಲವೂ ಬಂದವು. ಎಲ್ಲದರ ಕೆಳಗೆ ನಾನಿದ್ದೆ!

"ಅಯ್ಯಯ್ಯೋ, ಏಮಪ್ಪಾ ಮೇಷ್ಟ್ರೇ! ಎಲ್ಲಿದೀರಪ್ಪಾ?"

ಗೋಡೆಯಾಚೆಯಿಂದ ಪಕ್ಕದ ಮನೆ ರಾಮಕ್ಕನ ದನಿ. ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ರೇಷ್ಮೆ ಹುಳ ಸಾಕುತ್ತಿದ್ದರು. ಒಳ್ಳೇ ಹೆಂಗಸು, ಬಾಯಿ ಮಾತ್ರ ಜೋರು.

"ಇಲ್ಲೇ ಇದೀನಿ ರಾಮಕ್ಕ. ಚಪ್ಪರ ಬಿಚ್ತಾ ಇದೀನಿ" ಎಂದೆ, ಚಪ್ಪರದ ಅಡಿಯಿಂದ.

"ಜಯಮ್ಮಗೆ ಗೊತ್ತಾ?"

ಅಷ್ಟು ಹೊತ್ತಿಗೆ ನನ್ನ ಬಾಯಲ್ಲಿ ತರಗು ತುಂಬಿತ್ತು.

ಹೊರಗೆ ಬಂದು ಮೈ ಕೊಡವಿಕೊಂಡು ಎಲ್ಲವನ್ನೂ ಗುಡ್ಡೆ ಹಾಕಿದೆ. ಎಷ್ಟು ದೊಡ್ಡ ಗುಡ್ಡೆ! ಇದಕ್ಕೊಂದು ಕಡ್ಡಿ ಗೀರಿದರೆ ಕೆಲಸ ಮುಗಿಯಿತು. ಗೀರಿದೆ. ಮೊದಲು ಅವರೆ ಬಳ್ಳಿ ಹತ್ತಿಕೊಂಡಿತು. ಆಮೇಲೆ ಮೆಣಸಿನ ಗಿಡಗಳ ಸರದಿ. ಅವುಗಳಲ್ಲಿ ಒಣಗಿದ ಮೆಣಸಿನಕಾಯಿ ಇನ್ನೂ ನೇತಾಡುತ್ತಿದ್ದವು.

ಆ ಘಾಟನ್ನು ಬಣ್ಣಿಸಲು ನನಗೆ ಶಕ್ತಿಯಿಲ್ಲ. ನಾನು ಕೆಮ್ಮಿದೆ, ಬೀದಿ ಕೆಮ್ಮಿತು, ಎದುರು ಮನೆಯ ಎಮ್ಮೆ ಕೆಮ್ಮಿತು. ರಾಮಕ್ಕ ಗೋಡೆಯ ಮೇಲೆ ಅರ್ಧ ಮೈ ತೂರಿಸಿ ಕೂಗಿಕೊಂಡಳು:

"ಆರ್ಸಪ್ಪಾ ಆರ್ಸು! ನಮ್ಮ ಹುಳ ನಾಕನೇ ಜ್ವರ ಎದ್ದು ಈಗ ಸೊಪ್ಪು ತಿನ್ತಾ ಅವೆ! ಈ ಹೊಗೆ ಬಡಿದ್ರೆ ಒಂದೂ ಉಳಿಯಲ್ಲ. ಕೋತಿ ತಾನು ಕೆಟ್ಟಿದ್ದಲ್ದೆ ವನಾನೆಲ್ಲ ಕೆಡಿಸ್ತಂತೆ!"

ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತಿನ ನಿದ್ದೆ; ನಾಲ್ಕನೆಯದು ಮುಗಿದರೆ ಗೂಡು ಕಟ್ಟಲು ಇನ್ನೊಂದೇ ವಾರ. ರೇಷ್ಮೆ ಹುಳಕ್ಕೆ ಹೊಗೆಯಾಗದು ಎಂಬುದು ಶಿಡ್ಲಘಟ್ಟದಲ್ಲಿ ಎಳೆಮಕ್ಕಳಿಗೂ ಗೊತ್ತು. ಅದನ್ನು ಮಕ್ಕಳಿಗೆ ಪಾಠ ಹೇಳಿದವನೇ ನಾನು! ಓಡಿದೆ. ತೊಟ್ಟಿಯ ನೀರನ್ನೆಲ್ಲ ಮೊಗೆದು ಸುರಿದೆ. ಕುಡಿಯುವ ನೀರಿನ ಕೊಡವನ್ನೂ ಬಿಡಲಿಲ್ಲ. ಬೆಂಕಿ ಆರಿತು. ಹಿತ್ತಲು ಗದ್ದೆಯಾಯಿತು. ಗೋಡೆಗೆ ಒರಗಿಸಿಟ್ಟಿದ್ದ ಸೌದೆಯೂ ತೊಯ್ದು ತೊಪ್ಪೆಯಾಯಿತು. ದೇವರ ದಯೆ, ಹುಳಗಳಿಗೆ ಏನೂ ಆಗಲಿಲ್ಲ.

ಸೋಮವಾರ ಬೆಳಗಿನ ಚಳಿ. ಎದ್ದವನಿಗೆ ಒಂದೇ ಯೋಚನೆ. ಹಿತ್ತಲಂತೂ ಹಾಳಾಯಿತು. ರೈಲಿನಿಂದ ಇಳಿದು ಬರುವ ಅತ್ತೆಗೆ ಬಿಸಿ ಬಿಸಿ ನೀರಾದರೂ ಕಾಯಿಸಿಟ್ಟು ಮರ್ಯಾದೆ ಉಳಿಸಿಕೊಳ್ಳಬೇಕು. ನೀರು ಹೊತ್ತು ತಂದು ಹಂಡೆ ತುಂಬಿಸಿದೆ. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾದವೇ ಹೊರತು ಕಿಡಿ ಹುಟ್ಟಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಪುಟ್ಟ ರೈಲು ಕೂಗಿತು. ಸ್ಟೇಷನ್ನಿನಿಂದ ಮನೆಗೆ ಅರ್ಧ ಗಂಟೆಯ ನಡಿಗೆ.

ಆಗ ಕಂಡವು ನೋಡಿ, ಬಚ್ಚಲ ಗೋಡೆಯ ಮೇಲೆ, ಸೂರಿನ ಕೆಳಗೆ, ಐದು ಬೆರಣಿ. ದುಂಡಗೆ, ಒಣಗಿ, ಗರಿಗರಿಯಾಗಿ! 'ಜಯಮ್ಮ ಎಷ್ಟು ಅಚ್ಚುಕಟ್ಟು' ಎಂದು ಮನಸ್ಸಿನಲ್ಲೇ ಹೊಗಳಿ ಐದನ್ನೂ ಎಬ್ಬಿಸಿ ಒಲೆಗೆ ತುರುಕಿದೆ. ಭಗ್ಗೆಂದು ಹತ್ತಿಕೊಂಡವು.

ಇಬ್ಬರೂ ಬಂದರು. ಜಯಮ್ಮ ನೇರ ಅಡುಗೆಮನೆಗೆ ಹೋದಳು, ಅತ್ತೆ ಬಚ್ಚಲಿಗೆ ಬಂದರು. ಆ ಕಾಲದಲ್ಲಿ ಅತ್ತೆಯಾದವಳು ಅಳಿಯನ ಎದುರು ನೇರ ಮಾತಾಡುತ್ತಿರಲಿಲ್ಲ. ಮಗಳಿಗೋ ಗೋಡೆಗೋ ಹೇಳಬೇಕು. ಕಾಲಿಗೆ ಬಿಸಿನೀರು ಹುಯ್ದುಕೊಳ್ಳುತ್ತಾ ಗೋಡೆಗೆ ಹೇಳಿದರು: "ನೀರು ಸುಖವಾಗಿ ಕಾದೈತೆ. ಒಳ್ಳೇದಾಗ್ಲಿ."

ನಾನು ಬೀಗಿದೆ. ಒಲೆಯೊಳಗೆ 'ಚಟ್' ಅಂತು.

ಅತ್ತೆ ಕಿವಿಗೊಟ್ಟರು. ಮತ್ತೆ 'ಚಟ್! ಚಟಪಟ!'

"ಸೌದೆ ಸ್ವಲ್ಪ ಹಸಿ" ಎಂದೆ.

"ಜಯಾ, ಬೀಜ ಸಿಡಿದಂಗೆ ಕೇಳ್ತೈತಲ್ಲೇ."

ಜಯಮ್ಮ ಅಡುಗೆಮನೆಯಿಂದ ಬಂದಳು. ಒಲೆ ನೋಡಿದಳು. ಆಮೇಲೆ ಗೋಡೆ ನೋಡಿದಳು. ಗೋಡೆಯ ಮೇಲೆ ಐದು ದುಂಡನೆಯ ಗುರುತುಗಳಿದ್ದವು.

"ಏನೂಂದ್ರೆ... ಇಲ್ಲಿದ್ದ ಬೆರಣಿ?"

"ನೀರು ಕಾಯ್ಸಿದೆ."

"ಅದ್ರೊಳಗೆ ಹೀರೆ ಬೀಜ ಒತ್ತಿಟ್ಟಿದ್ದೆ."

ಸಗಣಿಯಲ್ಲಿ ಬೀಜ ಒತ್ತಿ ಗೋಡೆಗೆ ತಟ್ಟಿಟ್ಟರೆ ಹುಳು ಹಿಡಿಯುವುದಿಲ್ಲ, ಮುಂಗಾರಿಗೆ ಬಿಡಿಸಿ ಹಾಕಬಹುದು. ನಮ್ಮ ಸೀಮೆಯ ಹೆಂಗಸರೆಲ್ಲ ಹಾಗೇ ಮಾಡುವುದು. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳಂತೆ. ರೈತನ ಮಗನಿಗೆ ಗೊತ್ತಾಗಿದ್ದು ಅವತ್ತು!

ಒಲೆಗೆ ಕೈ ಹಾಕಿದೆ. ಯೋಚನೆಯೇ ಮಾಡಲಿಲ್ಲ. ಅರ್ಧ ಸುಟ್ಟ ಒಂದು ತುಂಡು ಎಳೆದು, ಬೆರಳು ಸುಟ್ಟುಕೊಂಡು, ನೆಲಕ್ಕೆ ಕುಕ್ಕಿ ಒಡೆದೆ. ಏಳು ಬೀಜ ಸಿಕ್ಕವು. ಏಳೂ ಕಡಲೆಯ ಹಾಗೆ ಹುರಿದಿದ್ದವು.

ಜಯಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಆ ಕೆಸರನ್ನೂ, ಬಿದ್ದ ಚಪ್ಪರವನ್ನೂ ನೋಡುತ್ತಾ, "ಅಮ್ಮ ಕೇಳಿದ್ದು ಇದೊಂದೇ" ಎಂದಳು. ಕಣ್ಣೀರು ಸುರಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷದ ಮೇಲೆ ಈ ಪ್ರಸಂಗ ಹೇಳಿ ಎಲ್ಲರನ್ನೂ ನಗಿಸುತ್ತೇನೆ; ಈ ಜಾಗಕ್ಕೆ ಬಂದಾಗ ಮಾತ್ರ ನನಗೆ ನಗು ಬರುವುದಿಲ್ಲ.

"ಏನಾಯ್ತೇ ಜಯಮ್ಮಾ? ಯಾಕೆ ಅಳ್ತೀಯ?" ರಾಮಕ್ಕನ ತಲೆ ಗೋಡೆಯ ಮೇಲೆ ಮೂಡಿತು. ವಿಷಯ ಗೊತ್ತಾದ ಮೇಲೆ ನನ್ನನ್ನು ಒಂದು ಸಲ ನೋಡಿದಳು. ಆ ನೋಟಕ್ಕಿಂತ ಒಲೆಯೇ ತಣ್ಣಗಿತ್ತು. ತಲೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಮುಂಬಾಗಿಲಿನಿಂದಲೇ ಬಂದಳು, ಕೈಯಲ್ಲಿ ಒಂದು ಬೆರಣಿ.

"ಮಾರ್ಗಶಿರದಲ್ಲಿ ಮೈ ಉಜ್ಜೋ ನಾರಿಗೆ ಅಂತ ನಿನ್ನ ಹತ್ರ ಒಂದು ಒಣ ಹೀರೆಕಾಯಿ ಇಸ್ಕೊಂಡಿದ್ನಲ್ಲಾ, ಅದರ ಬೀಜ ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ ಕಣೇ. ಚಿಂತಾಮಣೀಲಿರೋ ಮಗಳಿಗೆ ಕೊಡಣ ಅಂತ ಇಟ್ಟಿದ್ದೆ. ಅವಳಿಗರ್ಧ, ನಿಮಗರ್ಧ."

ನಿನ್ನೆ ನನ್ನ ಹೊಗೆಯಿಂದ ಬೆಳೆಯೇ ಹೋಗುತ್ತಿದ್ದ ಮನೆಯವಳು! ನಾನು ಕೈಮುಗಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಬೆರಣಿ ಮುರಿದು ಅರ್ಧವನ್ನು ಅತ್ತೆಯ ಕಡೆ ಚಾಚಿದಳು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

"ನನಗಲ್ಲಮ್ಮ. ನನ್ನ ಮಗಳ ಕೈಗೆ ಕೊಡು. ಅವಳು ನನಗೆ ಕೊಡ್ಲಿ. ನಾನು ಕೇಳಿದ್ದು ಅವಳನ್ನ."

ಜಯಮ್ಮ ಕಣ್ಣೊರೆಸಿಕೊಂಡು ಎದ್ದಳು. ಎರಡೂ ಕೈಯಲ್ಲಿ ಇಸಿದುಕೊಂಡು ತಾಯಿಯ ಸೆರಗಿಗೆ ಹಾಕಿದಳು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಗಂಟು ಹಾಕಿದರು. ಅದರಲ್ಲಿ ನಾಲ್ಕು ಬೀಜ ಬಿಡಿಸಿ ಮಗಳಿಗೆ ವಾಪಸು ಕೊಟ್ಟು, "ನೀನೂ ಹಾಕ್ಕೋ" ಎಂದರು. ಆಮೇಲೆ ಗೋಡೆಗೆ ಹೇಳಿದರು: "ಗಂಡಸರು ನೀರು ಕಾಯ್ಸಿದ್ದೇ ದೊಡ್ಡದು. ಬಿಡು ಅತ್ಲಾಗೆ."

ಗೋಡೆಯ ಕಡೆಯಿಂದ ನನಗೆ ಕ್ಷಮೆ ಸಿಕ್ಕಿತು!

ಆ ಮಳೆಗಾಲದಲ್ಲಿ ಕಳವಾರದಲ್ಲೂ ಚಪ್ಪರ ತುಂಬಿತು, ನಮ್ಮಲ್ಲೂ ತುಂಬಿತು. ಚಪ್ಪರ ಕಟ್ಟಿದ್ದು ನಾನೇ, ಬಿಚ್ಚಿದ್ದು ಮಾತ್ರ ಜಯಮ್ಮ. ವರ್ಷ ವರ್ಷವೂ ಹೀರೆ ಬಂತು. ಆದರೆ ಬಚ್ಚಲ ಗೋಡೆಯ ಮೇಲೆ ಮತ್ತೆಂದೂ ಬೀಜದ ಬೆರಣಿ ಕಾಣಲಿಲ್ಲ. ಬೀಜ ಎಲ್ಲಿಡುತ್ತೀ ಎಂದು ನಾನು ಕೇಳಿದರೆ "ಇದೆ ಎಲ್ಲೋ" ಎಂದು ಜಾರಿಕೊಳ್ಳುತ್ತಿದ್ದಳು.

ಐದು ವರ್ಷದ ಮೇಲೆ ನನಗೆ ಚಿಂತಾಮಣಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಮಂಚದ ಕೆಳಗಿದ್ದ ನನ್ನ ಪುಸ್ತಕದ ಟ್ರಂಕು ಎಳೆದೆ. ಓದಿ ಓದಿ ಪಂಡಿತನಾಗಬೇಕೆಂದು ಮದುವೆಗೆ ಮುಂಚೆ ಕೂಡಿಸಿಟ್ಟ ದಪ್ಪ ದಪ್ಪ ಪುಸ್ತಕಗಳು. ಮುಚ್ಚಳ ತೆಗೆದರೆ ಎಲ್ಲದರ ಮೇಲೆ ಒಂದು ಬಟ್ಟೆಯ ಗಂಟು. ಬಿಚ್ಚಿದೆ. ಬೂದಿಯಲ್ಲಿ ಹೊರಳಿಸಿಟ್ಟ ಕಪ್ಪು ಹೀರೆ ಬೀಜ!

"ಇದು ಯಾವಾಗಿಂದ ಇದೆಯೇ ಇಲ್ಲಿ?"

"ಪ್ರತಿ ವರ್ಷಾನೂ ಅಲ್ಲೇ ಇಡೋದು" ಎಂದಳು ಜಯಮ್ಮ, ಪಾತ್ರೆಗಳಿಗೆ ಗೋಣಿ ಸುತ್ತುತ್ತಾ. "ನಿನ್ನ ಗಂಡ ಕೈ ಹಾಕದೇ ಇರೋ ಜಾಗ ನೋಡಿ ಇಡೇ ಅಂತ ಅಮ್ಮ ಹೇಳಿದ್ರು. ಮನೆಯೆಲ್ಲ ಹುಡುಕಿದೆ. ಅದೊಂದೇ ಸಿಕ್ತು."