ಬುದ್ಧಿಹಲ್ಲು ಕಿತ್ತ ಮೇಲೆ

ಹಲ್ಲುನೋವು ಬಂದಾಗ ಕೆಲವರು ಲವಂಗ ಕಚ್ಚುತ್ತಾರೆ, ಕೆಲವರು ಉಪ್ಪುನೀರು ಮುಕ್ಕಳಿಸುತ್ತಾರೆ, ಇನ್ನು ಕೆಲವರು ಮನೆಯವರ ಮೇಲೆ ರೇಗುತ್ತಾರೆ. ನಾನು ಈ ಮೂರನ್ನೂ ಮಾಡಿ, ಆಮೇಲೆ ನಿಘಂಟು ತೆಗೆಯುತ್ತೇನೆ. ಇದು ಜಂಬದ ಮಾತಲ್ಲ, ತಪ್ಪೊಪ್ಪಿಗೆ. ಚಳ್ಳಕೆರೆಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಯಾವ ಪದ ಕಂಡರೂ ಅದರ ಅಪ್ಪ ಯಾರು, ತಾತ ಯಾರು, ಯಾವ ಊರಿಂದ ಬಂತು ಎಂದು ವಿಚಾರಿಸದೆ ಬಿಡಲಾರೆ. ಹೆಣ್ಣು ಕೊಡುವಾಗಲೂ ಜನ ಇಷ್ಟು ವಿಚಾರಿಸುವುದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜ.

ಹೆಣ್ಣು ಕೊಡುವ ವಿಷಯ ಎತ್ತಿದರೆ ನನ್ನ ಎದೆಯಲ್ಲಿ ಈಗಲೂ ಚುಳ್ ಎನ್ನುತ್ತದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿರುವ ನನ್ನ ತಂಗಿ ರತ್ನಳ ಮಗಳು ಪವಿತ್ರಳಿಗೆ ಹೋದ ವರ್ಷ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಸೋದರಮಾವನೆಂದು ಮಾತುಕತೆಗೆ ನನ್ನನ್ನೇ ಮುಂದೆ ಕೂರಿಸಿದರು. ತಮ್ಮೂರಿನ ಹೆಸರು ಒಬ್ಬ ಅರಸನಿಂದ ಬಂದದ್ದು ಎಂದು ಹುಡುಗನ ದೊಡ್ಡಪ್ಪ ಎದೆಯುಬ್ಬಿಸಿ ಹೇಳಿದರು. ಅರಸನಿಂದಲ್ಲ, ಜಾಲಿಗಿಡದಿಂದ ಬಂದದ್ದು ಎಂದು ನಾನು ಒಂದು ಗಂಟೆ ಕಾಲ ಆಧಾರ ಸಮೇತ ಸಾಧಿಸಿದೆ. ಒಳಗೆ ಉಪ್ಪಿಟ್ಟು ಆರಿತು. "ಹೇಳಿ ಕಳಿಸ್ತೀವಿ" ಎಂದು ಎದ್ದು ಹೋದವರು ಇವತ್ತಿನವರೆಗೂ ಹೇಳಿ ಕಳಿಸಿಲ್ಲ. ಪವಿತ್ರ ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಗಿತ್ತು.

ಹೀಗಿರುವಾಗ ಕಳೆದ ತಿಂಗಳು ಒಂದು ಸೋಮವಾರ ರತ್ನ ಫೋನ್ ಮಾಡಿದಳು. "ಅಣ್ಣಾ, ಭಾನುವಾರ ರಾಯದುರ್ಗದ ಕಡೆಯೋರು ಬರ್ತಾರೆ. ಹುಡುಗ ಬಾಳ ಒಳ್ಳೇನು, ಪವಿತ್ರಂಗೂ ಒಪ್ಪಿಗೆ ಐತೆ. ನೀನು ಬರ್ದಂಗೆ ಇರಾಕಾಗಲ್ಲ, ಸೋದರಮಾವ. ಆದ್ರೆ ನಿಂಗೆ ಕೈ ಮುಗೀತೀನಿ ಕಣಣ್ಣ, ಈ ಸಲ ಯಾವ ಹೆಸರಿನ ತಂಟೆಗೂ ಹೋಗ್ಬೇಡ." ಹೋಗುವುದಿಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡುವಾಗಲೇ ಬಲಗಡೆ ದವಡೆಯ ಕೊನೆಯಲ್ಲಿ ಯಾರೋ ದಬ್ಬಳ ಚುಚ್ಚಿದಂತಾಯಿತು.

ಅವತ್ತೇ ಸಂಜೆ ತೋರಿಸಿಕೊಂಡ ಹಲ್ಲಿನ ಡಾಕ್ಟರಮ್ಮ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಎಕ್ಸ್-ರೇ ನೋಡಿ, "ಸಾರ್, ವಿಸ್ಡಂ ಟೂತ್. ಅಡ್ಡ ಬೆಳ್ದು ಪಕ್ಕದ ಹಲ್ಲನ್ನ ಒತ್ತೈತೆ. ಇವತ್ತೇ ತೆಗೆದುಬಿಡಾಣ" ಎಂದಳು. "ಇವತ್ತು ಬೇಡಮ್ಮ. ಇದರ ಬಗ್ಗೆ ಸ್ವಲ್ಪ ಓದ್ಕಂಡು ಬರ್ತೀನಿ" ಎಂದೆ. "ಓದ್ಬೇಕಾದ್ದು ನಾನು ಸಾರ್, ಓದೀನಿ" ಎಂದಳು. ಆದರೂ ಎದ್ದು ಬಂದೆ.

ಮನೆಗೆ ಬಂದು ಓದಿದ್ದು ಮಾತ್ರ ಸುಳ್ಳಲ್ಲ. ಇಂಗ್ಲಿಷರು, ಫ್ರೆಂಚರು, ಜರ್ಮನರು ಎಲ್ಲರೂ ಇದನ್ನು ಜ್ಞಾನದ ಹಲ್ಲು ಎಂದೇ ಕರೆಯುತ್ತಾರೆ. ಲ್ಯಾಟಿನ್ನಿನಲ್ಲಿದ್ದ ಹೆಸರನ್ನು ತಮ್ಮ ತಮ್ಮ ಮಾತಿಗೆ ತಿರುಗಿಸಿಕೊಂಡದ್ದು ಅಷ್ಟೆ. ಇಟಲಿ, ಸ್ಪೇನ್‌ನವರ ಪ್ರಕಾರ ಇದು ವಿವೇಚನೆಯ ಹಲ್ಲು. ನ್ಯಾಯಾಧೀಶರು ಯೋಚಿಸಿ ತೀರ್ಮಾನ ಕೊಡುತ್ತಾರಲ್ಲ, ಆ ವಿವೇಚನೆ. ಡಚ್ಚರಿಗೆ ತಿಳಿವಳಿಕೆಯ ದವಡೆಹಲ್ಲು. ಇವರೆಲ್ಲರಿಗಿಂತ ಹಿಂದಿನ ಗ್ರೀಕರು ಇಟ್ಟ ಹೆಸರಿನಲ್ಲಿ ಇನ್ನಷ್ಟು ಖಾರವಿದೆ. ಅದರ ಅರ್ಥ ಹೆಚ್ಚುಕಡಿಮೆ 'ಬುದ್ಧಿ ಕಲಿಸುವಂಥದ್ದು'. ಬೇರಿನಲ್ಲಿರುವುದು ಸಂಯಮ, ಹತೋಟಿ. ಹದಿನೆಂಟು ಇಪ್ಪತ್ತು ದಾಟಿದ ಮೇಲೆ ಹುಟ್ಟುವ ಹಲ್ಲಾದ್ದರಿಂದ ಅದರ ಜೊತೆಗೇ ಬುದ್ಧಿಯೂ ಬರುತ್ತದೆಂದು ಇಡೀ ಯುರೋಪು ನಂಬಿತು. ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬರನ್ನಾದರೂ ಕೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಕೆನ್ನೆ ಹಿಡಿದುಕೊಂಡೇ ಮಂಗಳವಾರ ಇದನ್ನೆಲ್ಲ ಗಿರಿಜಳಿಗೆ ವಿವರಿಸಿದೆ. ಬುಧವಾರ ಸಹೋದ್ಯೋಗಿಗಳಿಗೆ ವಿವರಿಸಿದೆ. ಗುರುವಾರ ಮಂಡಕ್ಕಿ ಅಂಗಡಿಯಲ್ಲಿ, ತಿನ್ನಲಾಗದ ಮಂಡಕ್ಕಿಯನ್ನು ಮುಂದಿಟ್ಟುಕೊಂಡು, ಪಕ್ಕದಲ್ಲಿದ್ದ ಅಪರಿಚಿತರಿಗೂ ವಿವರಿಸಿದೆ. ಕೊನೆಗೆ ಗಿರಿಜ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಂಟು ಭಾಷೇಲಿ ಹೆಸರು ಗೊತ್ತಾದ್ರೆ ನೋವು ಹೋಗ್ತೈತೇನ್ರಿ? ಹೆದರಿಕೆ ಅಂತ ಒಂದು ಭಾಷೇಲಿ ಒಪ್ಕೊಳ್ರಿ ಸಾಕು." ಶನಿವಾರ ಬೆಳಿಗ್ಗೆ ಗಂಜಿ ಕುಡಿಯಲೂ ಬಾಯಿ ಬಿಡಲಾಗಲಿಲ್ಲ. ಒಪ್ಪಿಕೊಂಡೆ. ಡಾಕ್ಟರಮ್ಮ ಮುಕ್ಕಾಲು ಗಂಟೆ ಗುದ್ದಾಡಿ ಹಲ್ಲನ್ನು ತೆಗೆದು, ಮೂರು ಹೊಲಿಗೆ ಹಾಕಿ, "ಎರಡು ದಿನ ಮಾತಾಡ್ಲೇಬೇಡಿ ಸಾರ್" ಎಂದಳು. ಪಕ್ಕದಲ್ಲಿದ್ದ ಗಿರಿಜ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿದಳು.

ಭಾನುವಾರ ಮೊಳಕಾಲ್ಮೂರಿನಲ್ಲಿ ಇಳಿದಾಗ ನನ್ನ ಬಲಗೆನ್ನೆ ಬನ್ನಿನಂತೆ ಊದಿತ್ತು. ರತ್ನ ನೋಡಿ ಗಾಬರಿಯಾದಳು. ಮಾತಾಡುವಂತಿಲ್ಲ ಎಂದು ಗಿರಿಜ ತಿಳಿಸಿದ ಕೂಡಲೇ ಅವಳ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಒಳಗಿಂದ ಒಂದು ಶಾಲು ತಂದು ಕೆನ್ನೆ ಮುಚ್ಚುವಂತೆ ಹೊದಿಸಿ, ನಡುಮನೆಯಲ್ಲಿ ಕೂರಿಸಿದಳು. ಬಂದವರಿಗೆ, "ನಮ್ಮಣ್ಣ. ಮಾತು ಕಮ್ಮಿ" ಎಂದು ಪರಿಚಯಿಸಿದಳು. ಅವಳ ಗಂಡ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿ ಹೊರಗೆ ಹೋಗಿ ಕೆಮ್ಮಿ ಬಂದರು.

ಹುಡುಗನ ತಾತ ಮಾತುಗಾರರು. ಅರ್ಧ ಕನ್ನಡ, ಅರ್ಧ ತೆಲುಗು. ಹತ್ತಿರದ ಸಿದ್ದಾಪುರದ ಬಂಡೆಯ ಮೇಲಿನ ಅಕ್ಷರ ಪಾಂಡವರು ಬರೆದದ್ದೆಂದರು. ಅಶೋಕನ ಶಾಸನವನ್ನು ಪಾಂಡವರಿಗೆ ಬರೆದುಕೊಟ್ಟದ್ದನ್ನು ಕೇಳಿ ನನ್ನ ಪ್ರಾಣವೇ ಬಾಯಿಗೆ ಬಂತು. ಬಾಯಿ ತೆರೆಯಹೋದೆ, ಹೊಲಿಗೆ ಜಗ್ಗಿತು. "ಹ್ಞೂಂ" ಎಂದು ಸುಮ್ಮನಾದೆ. ತಾತನಿಗೆ ಬಹಳ ಸಂತೋಷವಾಯಿತು. ಆಮೇಲೆ ಬಂತು ನಿಜವಾದ ತೊಡಕು. ಲಗ್ನ ಅವರೂರಿನಲ್ಲೇ ಆಗಬೇಕೆಂದು ಅವರ ಹಟ, ಮೊಳಕಾಲ್ಮೂರಿನಲ್ಲಿ ಆಗಲೆಂದು ರತ್ನಳ ಆಸೆ. "ನೀವೇನಂತೀರಿ?" ಎಂದು ತಾತ ನನ್ನ ಕಡೆ ತಿರುಗಿದರು. ಬಾಗಿಲ ಹಿಂದೆ ಪವಿತ್ರ ಉಸಿರು ಬಿಗಿಹಿಡಿದು ನಿಂತಿದ್ದಳು. ಅದೇ ಗಳಿಗೆಗೆ ದವಡೆ ಸಿಡಿಯಿತು. ನಾನು ಕಣ್ಣು ಮುಚ್ಚಿ, ತುಟಿ ಕಚ್ಚಿ, ನಿಧಾನವಾಗಿ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದೆ. "ಪೆದ್ದರಿಕಂ ಅಂಟೇ ಇದಿ!" ಎಂದರು ತಾತ, ಹಿರಿತನ ಅಂದರೆ ಇದು ಎಂಬ ಅರ್ಥದಲ್ಲಿ. "ಒಂದು ಮಾತು ಆಡ್ಲಿಲ್ಲ, ಎಲ್ಲಾ ಹೇಳ್ಬಿಟ್ರು. ಆಗ್ಲಿ ಬಿಡ್ರಿ, ಲಗ್ನ ನಿಮ್ಮೂರಾಗೇ ಆಗ್ಲಿ."

ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ವೀಳ್ಯ ಬದಲಾಯಿತು. ಪವಿತ್ರ ಬಂದು ಕಾಲು ಮುಟ್ಟಿ, "ಥ್ಯಾಂಕ್ಸ್ ಮಾಮಾ" ಎಂದಾಗ ನನ್ನ ಕಣ್ಣು ತುಂಬಿತು. ನೋವಿಗೆ ಎಂದು ಎಲ್ಲರೂ ತಿಳಿದರು.

ವಾರ ಕಳೆದು ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನವೇ ರತ್ನಳ ಫೋನ್. "ಅಣ್ಣಾ, ನಿನ್ನ ಡಾಕ್ಟರಮ್ಮನ್ನ ಕೇಳ್ದೆ. ಅಂಥ ಹಲ್ಲು ಇನ್ನೂ ಮೂರು ಅದಾವಂತೆ. ಲಗ್ನದ ಹಿಂದಿನ ದಿನ ಒಂದು ತೆಗೆಸ್ಬಿಡು."

"ಅವು ಗಟ್ಟಿಯಾಗಿವೆ ಕಣೇ!"

"ಗಟ್ಟಿ ಇದ್ರೇನು? ಬೀಗರ ಮನೇಲಿ ನಿನ್ನ ಮೇಲೆ ಬಾಳ ಗೌರವ ಐತೆ. ಉಳಿಸ್ಕ್ಯಬೇಕಲ್ಲ."

ಸಿಟ್ಟು ಬಂತು. ಒಡಹುಟ್ಟಿದವಳು ಆಡುವ ಮಾತೇ ಇದು ಎಂದು ಫೋನಿಟ್ಟೆ. ಆಮೇಲೆ ಕೂತು ಯೋಚಿಸಿದೆ. ಲಗ್ನದಲ್ಲಿ ಎರಡು ದಿನ ಅದೇ ತಾತನ ಪಕ್ಕ ಕುರ್ಚಿ. ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಡಾಕ್ಟರಮ್ಮನಿಗೆ ಫೋನ್ ಮಾಡಿ, ಲಗ್ನದ ಹಿಂದಿನ ದಿನ ಬಿಡುವಿದೆಯೇ ಎಂದು ಕೇಳಿದೆ.